ಅಲೆಗ್ಸಾಂಡರ್ ಫ್ಲೆಮಿಂಗ್: ಔಷಧದೊಡನೆ ಎಚ್ಚರಿಕೆಯನ್ನೂ ಇತ್ತವರು

ಅಲೆಗ್ಸಾಂಡರ್ ಫ್ಲೆಮಿಂಗರು 1881ನೆಯ ಇಸವಿ ಆಗಸ್ಟ್ 6ರಂದು ಸ್ಕಾಟ್ಲೆಂಡಿನ ಡಾರ್ವೆಲ್ ಎಂಬ ಊರಿನ ಬಳಿ ರೈತ ಕುಟುಂಬವೊಂದರಲ್ಲಿ ಜನಿಸಿದರು. ಏಳನೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡರು. ಹುಡುಗನಾಗಿದ್ದಾಗಲೇ ಲಂಡನ್ನಿಗೆ ಬಂದು, ಓದು ನಿಂತ ಮೇಲೆ ಹಡಗು ಕಂಪೆನಿಯೊಂದರಲ್ಲಿ ಗುಮಾಸ್ತರಾಗಿ ದುಡಿದರು. ಚಿಕ್ಕಪ್ಪನ ಆಸ್ತಿಯಿಂದ ಸ್ವಲ್ಪ ಹಣ ಕೈಸೇರಿದಾಗ ಸೇಂಟ್ ಮೇರೀಸ್ ಆಸ್ಪತ್ರೆಯ ವೈದ್ಯಕೀಯ ಶಾಲೆಯನ್ನು ಸೇರಿದರು.

ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಸೈನಿಕ ಆಸ್ಪತ್ರೆಯಲ್ಲಿದ್ದಾಗ, ಗಾಯಕ್ಕೆ ನಂಜೇರಿ ಯುವಕರು ಸಾಯುವುದನ್ನು ಕಣ್ಣಾರೆ ಕಂಡರು. ಅಂದಿನ ನಂಜುನಾಶಕಗಳು ಆಳವಾದ ಗಾಯಗಳಲ್ಲಿ ರೋಗಾಣುಗಳಿಗಿಂತ ಬಿಳಿ ರಕ್ತಕಣಗಳಿಗೇ ಹೆಚ್ಚು ಕೇಡುಮಾಡುತ್ತಿದ್ದವು.

1928ರ ಸೆಪ್ಟೆಂಬರಿನಲ್ಲಿ ರಜೆ ಮುಗಿಸಿ ಬಂದು ನೋಡಿದರೆ, ಬ್ಯಾಕ್ಟೀರಿಯಾ ಬೆಳೆಸಿದ್ದ ಗಾಜಿನ ತಟ್ಟೆಯೊಂದಕ್ಕೆ ಬೂಷ್ಟು ಹಿಡಿದಿತ್ತು. ಬೂಷ್ಟಿನ ಸುತ್ತಲಿನ ಬ್ಯಾಕ್ಟೀರಿಯಾ ಕರಗಿಹೋಗಿತ್ತು. ಬೇರೊಬ್ಬರಾಗಿದ್ದರೆ ತಟ್ಟೆಯನ್ನು ತೊಳೆದಿಡುತ್ತಿದ್ದರೇನೋ. ಫ್ಲೆಮಿಂಗರು ಪರೀಕ್ಷೆಗೆ ತೊಡಗಿ, ಆ ಬೂಷ್ಟಿನ ರಸಕ್ಕೆ ಪೆನಿಸಿಲಿನ್ ಎಂದು ಹೆಸರಿಟ್ಟರು. ಮುಂದೆ ಆಕ್ಸ್‌ಫರ್ಡಿನ ಫ್ಲೋರಿ, ಚೈನ್ ಮತ್ತು ಸಂಗಡಿಗರು ಅದನ್ನು ಶುದ್ಧಗೊಳಿಸಿ ಔಷಧವನ್ನಾಗಿ ಮಾಡಿದರು. 1945ರಲ್ಲಿ ಈ ಮೂವರಿಗೂ ನೊಬೆಲ್ ಬಹುಮಾನ ದೊರೆಯಿತು.

ಆ ಸಂದರ್ಭದ ಉಪನ್ಯಾಸದಲ್ಲಿ ಅವರು ಒಂದು ಕಲ್ಪನೆಯ ಪ್ರಸಂಗವನ್ನು ಹೇಳಿದರು. ಗಂಟಲುನೋವು ಬಂದವನೊಬ್ಬ ತಾನೇ ಪೆನಿಸಿಲಿನ್ ಕೊಂಡು ಸಾಲದಷ್ಟು ತೆಗೆದುಕೊಳ್ಳುತ್ತಾನೆ. ರೋಗಾಣುಗಳು ಸಾಯದೆ ಔಷಧವನ್ನು ಎದುರಿಸಲು ಕಲಿಯುತ್ತವೆ. ಅವು ಅವನ ಹೆಂಡತಿಗೆ ಅಂಟಿದಾಗ ಔಷಧ ನಾಟದೆ ಆಕೆ ತೀರಿಕೊಳ್ಳುತ್ತಾಳೆ. ಆ ಸಾವಿಗೆ ಗಂಡನ ಅಜಾಗರೂಕತೆಯೇ ಕಾರಣವೆಂದು ಫ್ಲೆಮಿಂಗರು ಎಚ್ಚರಿಸಿದರು.

1955ರ ಮಾರ್ಚ್ 11ರಂದು ಅವರು ನಿಧನರಾದರು. ಅವರು ಊಹಿಸಿದ ಅಪಾಯ ಇಂದು ಮನೆಯಿಂದ ನೀರಿಗೂ ಇಳಿದಿದೆ. ಔಷಧವನ್ನು ಎದುರಿಸುವ ಶಕ್ತಿ ಬ್ಯಾಕ್ಟೀರಿಯಾದ ಜೀನುಗಳಲ್ಲಿ ಅಡಗಿದೆ. ಈ ಜೀನುಗಳು ಒಂದರಿಂದ ಇನ್ನೊಂದಕ್ಕೆ ದಾಟಬಲ್ಲವು. ನದಿ, ಸಮುದ್ರಗಳಲ್ಲಿ ಬಿದ್ದ ಪ್ಲಾಸ್ಟಿಕ್ ಚೂರುಗಳ ಮೇಲೆ ಬ್ಯಾಕ್ಟೀರಿಯಾಗಳು ಲೋಳೆಯಂತಹ ಪದರ ಕಟ್ಟಿ ಒತ್ತೊತ್ತಾಗಿ ನೆಲೆಸುತ್ತವೆ. ಅಂತಹ ನೆರೆಹೊರೆಯಲ್ಲಿ ಜೀನು ದಾಟುವುದು ಸುಲಭ. ಆ ಪದರಗಳಲ್ಲಿ ಇಂತಹ ಜೀನುಗಳನ್ನು ವಿಜ್ಞಾನಿಗಳು ಕಂಡಿದ್ದಾರೆ. ಎಲೆ, ಕಡ್ಡಿಗಳು ಕೊಳೆತುಹೋಗುತ್ತವೆ. ಪ್ಲಾಸ್ಟಿಕ್ ಬಹುಕಾಲ ಉಳಿದು ತನ್ನ ಮೇಲಿನ ಜೀವಿಗಳನ್ನು ದೂರಕ್ಕೆ ಒಯ್ಯುತ್ತದೆ.

ವಿದ್ಯಾರ್ಥಿಗಳೇ, ವೈದ್ಯರು ಹೇಳಿದಷ್ಟು ದಿನವೂ ಗುಳಿಗೆ ನುಂಗಿರಿ. ಅವರು ಹೇಳದೆ ಆಂಟಿಬಯಾಟಿಕ್ ಕೊಳ್ಳಬೇಡಿರಿ. ಗುಳಿಗೆಯನ್ನಾಗಲಿ ಪ್ಲಾಸ್ಟಿಕನ್ನಾಗಲಿ ತೋಡು, ಚರಂಡಿಗಳಿಗೆ ಎಸೆಯಬೇಡಿರಿ. ಫ್ಲೆಮಿಂಗರ ಔಷಧವನ್ನು ಪಡೆದ ನಾವು ಅವರ ಎಚ್ಚರಿಕೆಯನ್ನೂ ಪಾಲಿಸಬೇಕಲ್ಲವೇ?