ರುಡಾಲ್ಫ್ ಡೀಸೆಲ್

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಗೂಡನ್ನು ಹೊತ್ತು ತರುವ ಡೀಸೆಲ್ ಲಾರಿಯ ಎಂಜಿನ್ನಿನಲ್ಲಿ ಇಂಧನಕ್ಕೆ ಕಿಡಿ ತಾಕಿಸುವ ಸಾಧನವಿಲ್ಲ. ಸೈಕಲ್ಲಿಗೆ ಗಾಳಿ ತುಂಬುವಾಗ ಪಂಪಿನ ಬುಡ ಬಿಸಿಯಾಗುವುದಷ್ಟೆ? ಆ ಬಿಸಿಯನ್ನೇ ನೂರಾರು ಡಿಗ್ರಿಗಳಿಗೆ ಏರಿಸಿ ಎಣ್ಣೆಯನ್ನು ಹೊತ್ತಿಸಲಾಗುತ್ತದೆ. ಈ ಉಪಾಯವನ್ನು ಕಾರ್ಯರೂಪಕ್ಕೆ ತಂದವನು ರುಡಾಲ್ಫ್ ಡೀಸೆಲ್.

ಅವನು 1858ರ ಮಾರ್ಚ್ 18ರಂದು ಪ್ಯಾರಿಸ್ ನಗರದಲ್ಲಿ, ಜರ್ಮನಿಯಿಂದ ಬಂದು ನೆಲೆಸಿದ್ದ ದಂಪತಿಗಳ ಮಗನಾಗಿ ಜನಿಸಿದನು. 1870ರಲ್ಲಿ ಯುದ್ಧ ಹತ್ತಿಕೊಂಡಾಗ ಕುಟುಂಬವು ಲಂಡನ್ನಿಗೆ ವಲಸೆ ಹೋಯಿತು. ಹನ್ನೆರಡರ ಬಾಲಕನು ಆಗ್ಸ್‌ಬರ್ಗಿನಲ್ಲಿದ್ದ ಬಂಧುಗಳ ಆಶ್ರಯದಲ್ಲಿ ಓದಿದನು. ಮುಂದೆ ಮ್ಯೂನಿಕ್ಕಿನಲ್ಲಿ ಪ್ರಾಧ್ಯಾಪಕ ಲಿಂಡೆಯ ಪಾಠ ಕೇಳುತ್ತಿದ್ದಾಗ, ಉಗಿ ಎಂಜಿನ್ನು ಕಲ್ಲಿದ್ದಲಿನ ಶಾಖದಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ವ್ಯರ್ಥ ಮಾಡುತ್ತದೆಂಬ ಸಂಗತಿ ಅವನ ಮನಸ್ಸಿನಲ್ಲಿ ನಾಟಿತು.

ಗಾಳಿಯನ್ನು ಹೆಚ್ಚು ಒತ್ತಿದಷ್ಟೂ ಶಾಖದಿಂದ ಹೆಚ್ಚು ಕೆಲಸ ಪಡೆಯಬಹುದು. ಪಿಸ್ಟನ್ನು ಕೆಳಗಿದ್ದಾಗ ಸಿಲಿಂಡರಿನಲ್ಲಿರುವ ಗಾಳಿಯ ಗಾತ್ರವನ್ನು, ಅದು ಮೇಲೇರಿದಾಗ ಉಳಿಯುವ ಗಾತ್ರದಿಂದ ಭಾಗಿಸಿದರೆ ಸಂಪೀಡನ ಅನುಪಾತ ದೊರೆಯುತ್ತದೆ. ಡೀಸೆಲನ ಮೊದಲ ಎಂಜಿನ್ನಿನಲ್ಲಿ ಪಿಸ್ಟನ್ನು 400 ಮಿಲಿಮೀಟರ್ ಚಲಿಸುತ್ತಿತ್ತು. ಅಷ್ಟು ಚಲನೆಗೆ ಅನುಪಾತ 15 ಬೇಕಾದರೆ, ಮೇಲ್ಭಾಗವು ಸಮತಟ್ಟಾಗಿದ್ದಲ್ಲಿ, ಪಿಸ್ಟನ್ನಿನ ಮೇಲೆ ಉಳಿಯಬೇಕಾದ ಎಡೆ 400ನ್ನು 14ರಿಂದ ಭಾಗಿಸಿದಷ್ಟು, ಎಂದರೆ 28.6 ಮಿಲಿಮೀಟರ್. ಎರಡೇ ಮಿಲಿಮೀಟರ್ ತಗ್ಗಿಸಿದರೆ ಅನುಪಾತ ಸುಮಾರು 16ಕ್ಕೆ ಏರುತ್ತದೆ. ಎಡೆ ಕಿರಿದಾದಂತೆ ಲಾಭ ಹೆಚ್ಚು. ಕಾದು ಹಿಗ್ಗಿದ ಲೋಹವು ಕವಾಟಕ್ಕೆ ಬಡಿಯುವ ಭಯವೂ ಹೆಚ್ಚು. ಇಂದಿಗೂ ಪಂದ್ಯದ ಎಂಜಿನ್ ಕಟ್ಟುವವರು ಪಿಸ್ಟನ್ನಿನ ತಲೆಗೆ ಮೆತ್ತನೆಯ ಜೇಡಿಯನ್ನು ಅಂಟಿಸಿ, ಯಂತ್ರವನ್ನು ಕೈಯಿಂದ ತಿರುಗಿಸಿ, ಅದರ ಮೇಲೆ ಕವಾಟ ಒತ್ತಿದ ಗುರುತನ್ನು ಅಳೆದು ನೋಡುವುದುಂಟು.

1893ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಡೀಸೆಲ್ ಬಯಸಿದ್ದು ವಾತಾವರಣದ ಒತ್ತಡದ 250 ಮಡಿಯನ್ನು. ಕಾಗದವೇನೋ ಅದನ್ನು ತಾಳಿಕೊಂಡಿತು, ಕಬ್ಬಿಣವು ತಾಳದು. ಅದೇ ವರ್ಷ ಆಗಸ್ಟ್ 10ರಂದು ಆಗ್ಸ್‌ಬರ್ಗಿನ ಯಂತ್ರ ಕಾರ್ಖಾನೆಯಲ್ಲಿ ಮೊದಲ ಪರೀಕ್ಷೆ ನಡೆಯಿತು. ಇಂಧನವು ತಾನಾಗಿ ಹೊತ್ತಿಕೊಂಡಿತು. ಒಡನೆಯೇ ಒತ್ತಡವನ್ನು ಅಳೆಯುವ ಉಪಕರಣ ಸಿಡಿದು ಚೂರಾಯಿತು. ಆದರೂ ಅವನಿಗೆ ಆದದ್ದು ಹರ್ಷವೇ. ಒತ್ತಿದ ಗಾಳಿಯೇ ಬೆಂಕಿಯಾಗಬಲ್ಲದೆಂಬುದು ಸಿದ್ಧವಾಗಿತ್ತು. ಮುಂದಿನ ಫೆಬ್ರವರಿ 17ರಂದು ಯಂತ್ರವು ತಾನಾಗಿಯೇ ಸುಮಾರು ಒಂದು ನಿಮಿಷ ಓಡಿತು. ಇನ್ನೂ ಮೂರು ವರ್ಷ ಬಿಚ್ಚುವುದು, ಕಟ್ಟುವುದು, ಮತ್ತೆ ಲೆಕ್ಕ ಹಾಕುವುದು. ಒತ್ತಡದ ಗುರಿಯನ್ನು ಮೂವತ್ತು ಚಿಲ್ಲರೆ ಮಡಿಗೆ ಇಳಿಸಲು ಅವನು ಒಪ್ಪಿದ ಮೇಲೆಯೇ ಎಂಜಿನ್ನು ನೆಚ್ಚಿಗೆಗೆ ಅರ್ಹವಾಯಿತು. 1897ರಲ್ಲಿ ಪ್ರಾಧ್ಯಾಪಕ ಶ್ರೋಟರ್ ಪರೀಕ್ಷಿಸಿದಾಗ ಅದು ಇಂಧನದ ಶಾಖದಲ್ಲಿ ನೂರಕ್ಕೆ 26.2 ಪಾಲನ್ನು ಕೆಲಸವಾಗಿ ಪರಿವರ್ತಿಸಿತು.

ಕೀರ್ತಿಯೂ ಹಣವೂ ಬಂದವು; ಹಕ್ಕುಗಳ ವ್ಯಾಜ್ಯ, ಅನಾರೋಗ್ಯ, ಸಾಲಗಳೂ ಬಂದವು. ಯಂತ್ರದ ಲೆಕ್ಕದಲ್ಲಿ ತೋರಿದ ಎಚ್ಚರವನ್ನು ಅವನು ಹಣದ ಲೆಕ್ಕದಲ್ಲಿ ತೋರಲಿಲ್ಲ. 1913ರ ಸೆಪ್ಟೆಂಬರ್ 29ರ ರಾತ್ರಿ ಆಂಟ್‌ವರ್ಪಿನಿಂದ ಇಂಗ್ಲೆಂಡಿಗೆ ಹೊರಟ ಡ್ರೆಸ್ಡನ್ ಹಡಗಿನಿಂದ ಅವನು ಕಾಣೆಯಾದನು. ಕೆಲವು ದಿನಗಳ ಅನಂತರ ಡಚ್ಚರ ದೋಣಿಯೊಂದಕ್ಕೆ ಸಮುದ್ರದಲ್ಲಿ ಶವವೊಂದು ಸಿಕ್ಕಿತು. ಅದರ ಜೇಬಿನಲ್ಲಿದ್ದ ಸಣ್ಣಪುಟ್ಟ ವಸ್ತುಗಳನ್ನು ಕಂಡು, ಅವು ತನ್ನ ತಂದೆಯವೆಂದು ಮಗನು ಗುರುತಿಸಿದನು.