ವೀರ ಸಂಗೊಳ್ಳಿ ರಾಯಣ್ಣನ ಚರಿತ್ರೆ

ಮಠದ ಮಹೋತ್ಸವದ ನೆನಪಿಗೆಂದು ಹೊರಡುವ ಇಂತಹ ಗ್ರಂಥದಲ್ಲಿ ಗುರುಪರಂಪರೆಯ ಚರಿತ್ರೆಯೂ, ಶರಣರ ಪುಣ್ಯಕಥೆಯೂ, ದಾಸೋಹದ ವೃತ್ತಾಂತವೂ ಬರುವುದು ರೂಢಿಯು. ಇವುಗಳ ನಡುವೆ ಗಲ್ಲಿಗೇರಿದ ಒಬ್ಬ ಬಂಡುಗಾರನ ಚರಿತ್ರೆಯು ಏತಕ್ಕೆಂದು ಭಕ್ತಮಹಾಶಯರಲ್ಲಿ ಕೆಲವರು ಕೇಳಬಹುದು. ಆತನು ಲಿಂಗವಂತನಲ್ಲ, ಕುರುಬರ ಮನೆತನದಲ್ಲಿ ಹುಟ್ಟಿದವನು. ಅರಸನಲ್ಲ, ಪಂಡಿತನಲ್ಲ, ಮಠಕ್ಕೆ ಭೂಮಿಕಾಣಿಕೆಗಳನ್ನು ಅರ್ಪಿಸಿದ ಸಾಹುಕಾರನೂ ಅಲ್ಲ. ಆದರೆ ಕಿತ್ತೂರೆಂಬ ಶಿವಭಕ್ತರ ಸಂಸ್ಥಾನವು ಬಿದ್ದ ಮೇಲೆ, ಅದರ ಅನ್ನವನ್ನುಂಡ ದೊಡ್ಡವರಲ್ಲಿ ಅನೇಕರು ಸುಮ್ಮನೆ ಕುಳಿತಿರಲು, ಅದರ ಋಣವನ್ನು ತಲೆಯ ಮೇಲೆ ಹೊತ್ತು ಎದ್ದವನು ಈ ಹಳ್ಳಿಯ ಕಾವಲುಗಾರನು. ಶರಣಧರ್ಮವನ್ನು ಆಡುವ ನಮಗೆ ಆತನ ನಡೆಯನ್ನು ತಿಳಿಯುವುದು ಕರ್ತವ್ಯವೇ ಸರಿ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಪ್ರಾಂತದ ಭಕ್ತರಿಗೆ ಈ ಕಥೆಯು ದೂರದ್ದೂ ಅಲ್ಲ. ಖಾನಾಪುರದ ಕಾಡಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಕಿತ್ತೂರ ನಾಡಿನ ಹೊಲಗಳನ್ನು ತಣಿಸಿ, ಪಟ್ಟದಕಲ್ಲು ಐಹೊಳೆಗಳನ್ನು ದಾಟಿ, ಹುನಗುಂದದ ಸೀಮೆಯ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ರಾಯಣ್ಣನು ಹುಟ್ಟಿದ್ದೂ, ಹೋರಾಡಿದ್ದೂ ಈ ನದಿಯ ಮೇಲಣ ಸೀಮೆಯಲ್ಲಿಯೇ.

ಸಂಗೊಳ್ಳಿಯು ಈಗಿನ ಬೆಳಗಾವಿ ಜಿಲ್ಲೆಯ ಬೈಲಹೊಂಗಲ ತಾಲೂಕಿನ ಒಂದು ಗ್ರಾಮವು. ತಂದೆ ಭರಮಪ್ಪ, ತಾಯಿ ಕೆಂಚವ್ವ. ೧೭೯೮ನೆಯ ಇಸವಿಯ ಆಗಸ್ಟ್ ೧೫ನ್ನು ಆತನ ಜನ್ಮದಿನವೆಂದು ಜನರು ಆಚರಿಸುತ್ತಾರೆ. ಮನೆತನಕ್ಕೆ ಶೇತಸನದಿಯ ಹಕ್ಕು ಇದ್ದಿತು. ಶೇತಸನದಿಯೆಂದರೆ ಊರನ್ನು ಕಾಯುವುದಕ್ಕೂ, ಕರೆ ಬಂದಾಗ ಒಡೆಯನ ದಂಡಿನಲ್ಲಿ ಕೂಡುವುದಕ್ಕೂ ಪ್ರತಿಫಲವಾಗಿ ಸನದಿನ ಮೂಲಕ ಹೊಲವನ್ನು ಪಡೆದವನು. ಅವನಿಗೆ ತಿಂಗಳ ಸಂಬಳವಿಲ್ಲ. ಕಂದಾಯವಿಲ್ಲದೆ ಅಥವಾ ಅಲ್ಪ ಕಂದಾಯಕ್ಕೆ ದೊರೆತ ಆ ಹೊಲವೇ ಅವನ ಸಂಬಳವು. ಹಗಲು ನೇಗಿಲು, ರಾತ್ರಿ ಕತ್ತಿ. ಹೀಗೆ ಒಂದೇ ಕೈ ಎರಡು ಕೆಲಸಗಳನ್ನು ಮಾಡುತ್ತಿದ್ದಿತು. ಸೇವೆಗೂ ಭೂಮಿಗೂ ಇದ್ದ ಈ ಒಪ್ಪಂದವನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲವೂ ಇದರ ಮೇಲೆಯೇ ನಿಂತಿದೆ.

ಕಿತ್ತೂರ ಸಂಸ್ಥಾನವು ಆಗ ಮಲ್ಲಸರ್ಜ ದೇಸಾಯಿಯವರ ಕೈಯಲ್ಲಿದ್ದಿತು. ಟೀಪುವಿನ ಸೆರೆಯನ್ನೂ, ಪೇಶ್ವೆಯ ಸೆರೆಯನ್ನೂ ಉಂಡ ಆ ದೇಸಾಯಿಯವರು ೧೮೧೬ರಲ್ಲಿ ಲಿಂಗೈಕ್ಯರಾದರು. ಅವರ ಹಿರಿಯ ಪತ್ನಿ ರುದ್ರಮ್ಮನವರ ಮಗ ಶಿವಲಿಂಗರುದ್ರಸರ್ಜನು ಪಟ್ಟಕ್ಕೆ ಬಂದನು. ೧೮೧೮ರಲ್ಲಿ ಪೇಶ್ವಾಯಿಯು ಮುರಿಯಿತು. ಮನ್ರೋ ಸಾಹೇಬನು ಬಾದಾಮಿ, ಬಾಗಲಕೋಟೆಗಳನ್ನು ಕಂಪನಿ ಸರಕಾರದ ವಶಕ್ಕೆ ತಂದುದು ಆ ವರ್ಷವೇ. ಬೆಳಗಾವಿಯ ಕೋಟೆಯನ್ನು ಹಿಡಿಯುವಾಗ ಕಿತ್ತೂರಿನವರು ಆಂಗ್ಲರಿಗೆ ನೆರವಾದರು. ಅದಕ್ಕಾಗಿ ಸಂಸ್ಥಾನವು ಅವರಿಗೆ ಉಳಿಯಿತು. ಆದರೆ ಆ ಸ್ನೇಹವು ಆರು ವರ್ಷ ಮಾತ್ರ ಬಾಳಿತು.

೧೮೨೪ರ ಸಪ್ಟಂಬರದಲ್ಲಿ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ಮಾಸ್ತಮರಡಿಯ ಗೌಡರ ಮನೆಯ ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತಕ ತೆಗೆದುಕೊಂಡಿದ್ದರು. ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಈ ದತ್ತಕವನ್ನು ಒಪ್ಪದೆ ಭಂಡಾರಕ್ಕೆ ಮುದ್ರೆ ಹಾಕಿಸಿದನು. ದತ್ತಕವನ್ನು ನಿರಾಕರಿಸಿ ರಾಜ್ಯಗಳನ್ನು ನುಂಗಿದವನೆಂದು ನಾವು ಡಾಲ್‌ಹೌಸಿಯ ಹೆಸರನ್ನು ಹೇಳುತ್ತೇವೆ. ಆದರೆ ಆತನು ಈ ದೇಶಕ್ಕೆ ಗವರ್ನರ್ ಜನರಲನಾಗಿ ಬಂದುದು ೧೮೪೮ರಲ್ಲಿ. ಕಿತ್ತೂರು ಅದಕ್ಕೆ ಇಪ್ಪತ್ತನಾಲ್ಕು ವರ್ಷ ಮೊದಲೇ ಆ ಅನ್ಯಾಯವನ್ನು ಕಂಡಿತು. ಮಲ್ಲಸರ್ಜರ ಕಿರಿಯ ಪತ್ನಿ ರಾಣಿ ಚನ್ನಮ್ಮನವರು ಬೇಡಿಕೆಯ ಪತ್ರಗಳನ್ನು ಕಳುಹಿಸಿದರು. ಫಲವಾಗಲಿಲ್ಲ. ಅಕ್ಟೋಬರ ೨೩ರಂದು ಕೋಟೆಯ ಬಾಗಿಲಲ್ಲಿ ಯುದ್ಧವಾಗಿ ಥ್ಯಾಕರೆಯು ಮಡಿದನು. ಆಂಗ್ಲರು ದೊಡ್ಡ ಸೈನ್ಯದೊಡನೆ ಮರಳಿ ಬಂದರು. ಡಿಸೆಂಬರದ ಮೊದಲ ವಾರದಲ್ಲಿ ಕೋಟೆಯು ಬಿದ್ದಿತು. ರಾಣಿಯವರನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. ಅವರು ೧೮೨೯ರ ಫೆಬ್ರುವರಿ ೨ರಂದು ಅಲ್ಲಿಯೇ ಲಿಂಗೈಕ್ಯರಾದರು. ಅವರ ಸಮಾಧಿಯು ಇಂದಿಗೂ ಅಲ್ಲಿದೆ.

ಈ ಯುದ್ಧದಲ್ಲಿ ಹೋರಾಡಿದವರಲ್ಲಿ ರಾಯಣ್ಣನೂ ಒಬ್ಬನು. ಸೆರೆಸಿಕ್ಕು ಬಿಡುಗಡೆ ಹೊಂದಿದ ಬಳಿಕ ಆತನು ತನ್ನೂರಿಗೆ ಮರಳಿದನು. ಹೊಸ ಸರಕಾರಕ್ಕೆ ತಲೆಬಾಗಿ ಸುಖವಾಗಿ ಬಾಳಬಹುದಾಗಿದ್ದಿತೇ? ಅದಕ್ಕೂ ಆಸ್ಪದವುಳಿಯಲಿಲ್ಲ. ಕಂಪನಿ ಸರಕಾರದವರು ಸನದಿ ಹೊಲಗಳ ಮೇಲೆ ಕಂದಾಯವನ್ನು ಹೇರತೊಡಗಿದರು. ಹಳೆಯ ಒಡೆಯರಿಗೆ ಕಾವಲು ಬೇಕಾಗಿದ್ದಿತು, ಆದುದರಿಂದ ಹೊಲವನ್ನು ಬಿಟ್ಟುಕೊಟ್ಟಿದ್ದರು. ಸಂಬಳದ ಸಿಪಾಯಿಗಳನ್ನಿಟ್ಟ ಹೊಸ ಒಡೆಯರಿಗೆ ಆ ಕಾವಲು ಬೇಡವಾಯಿತು, ಹೊಲದ ಹಣ ಮಾತ್ರ ಬೇಕಾಯಿತು. ಊರೂರಿನ ಶೇತಸನದಿಗಳು ಒಂದೇ ಏಟಿಗೆ ಗೌರವವನ್ನೂ ಅನ್ನವನ್ನೂ ಕಳೆದುಕೊಂಡರು. ರಾಯಣ್ಣನ ಹೊಲಕ್ಕೂ ಇದೇ ಗತಿಯಾಯಿತು. ಕಂದಾಯದ ಬಾಕಿಗಾಗಿ ಆತನ ತಾಯಿಯನ್ನು ಚಾವಡಿಗೆ ಎಳೆತರಿಸಿ ಬೆನ್ನ ಮೇಲೆ ಕಲ್ಲು ಹೊರಿಸಿದರೆಂದು ಆ ನಾಡಿನ ಲಾವಣಿಕಾರರು ಹಾಡುತ್ತ ಬಂದಿದ್ದಾರೆ. ಈ ಮಾತು ಒಬ್ಬ ಕೆಂಚವ್ವನದಲ್ಲ. ಬಾಕಿಗಾಗಿ ಚಾವಡಿಯ ಮುಂದೆ ತಲೆತಗ್ಗಿಸಿ ನಿಂತ ಎಲ್ಲ ಒಕ್ಕಲು ಮಕ್ಕಳ ನೋವು ಅದರಲ್ಲಿದೆ.

೧೮೩೦ರ ಜನವರಿಯಲ್ಲಿ ರಾಯಣ್ಣನು ಬಂಡೆದ್ದನು. ಶಿವಲಿಂಗಪ್ಪನೇ ಕಿತ್ತೂರ ಒಡೆಯನೆಂದು ಸಾರಿದನು. ತನ್ನ ಹೆಸರಿನಲ್ಲಿ ರಾಜ್ಯವನ್ನು ಕೇಳಲಿಲ್ಲ. ಈ ಸಂಗತಿಯನ್ನು ಗಮನಿಸಬೇಕು. ಬಿಚ್ಚುಗತ್ತಿ ಚನ್ನಬಸಪ್ಪ, ಸಿದ್ದಿ ಜನಾಂಗದ ಗಜವೀರ ಮೊದಲಾದವರು ಆತನೊಡನೆ ಕೂಡಿದರು. ಜಾತಿಯನ್ನು ನೋಡದೆ ಒಂದೇ ಎಡೆಯಲ್ಲಿ ಉಂಡು ಒಂದೇ ಕಾಡಿನಲ್ಲಿ ಮಲಗಿದ ತಂಡವು ಅದು. ಬೀಡಿಯ ಕಚೇರಿಯನ್ನು ಸುಟ್ಟರು. ಅಲ್ಲಿಂದ ನಂದಗಡ, ಖಾನಾಪುರ, ಸಂಪಗಾವಿಗಳ ಸೀಮೆಗೆ ಬಂಡು ಹಬ್ಬಿತು. ಕಚೇರಿಗಳ ದಫ್ತರಗಳಿಗೆ ಬೆಂಕಿಯಿಡುವುದು ಅವರ ಕ್ರಮವಾಗಿದ್ದಿತು. ಅರಿಯದವರಿಗೆ ಇದು ಬರಿಯ ಪುಂಡಾಟವೆಂದು ತೋರಬಹುದು. ಆದರೆ ಹೊಲವನ್ನು ಕಸಿದುದು ಕತ್ತಿಯಲ್ಲ, ಕಾಗದವು. ಆದುದರಿಂದ ಅವರ ಸಿಟ್ಟು ಕಾಗದದ ಮೇಲೆಯೇ ತಿರುಗಿತು. ಸರಕಾರದ ಖಜಾನೆಗಳನ್ನು ಅವರು ಲೂಟಿ ಮಾಡಿದರು; ಸರಕಾರದ ಪಕ್ಷ ಹಿಡಿದ ಶ್ರೀಮಂತರ ಮನೆಗಳನ್ನೂ ಬಿಡಲಿಲ್ಲ. ಇದನ್ನು ಮರೆಮಾಚುವುದು ಚರಿತ್ರಕಾರನಿಗೆ ತಕ್ಕುದಲ್ಲ.

ಕಂಪನಿಯ ದಂಡು ಬೆನ್ನಟ್ಟಿತು, ಆದರೆ ಹಿಡಿಯಲಾರದೆ ಹೋಯಿತು. ಕಾಡು ಆತನಿಗೆ ಮನೆಯಂತಿದ್ದಿತು. ಊರೂರಿನ ಕಾವಲುಗಾರರು ಆತನ ಬಂಧುಗಳಂತಿದ್ದರು. ಬಡವರ ಮನೆಯ ಬುತ್ತಿ ಕತ್ತಲೆಯಲ್ಲಿ ಆತನಿಗೆ ಮುಟ್ಟುತ್ತಿದ್ದಿತು. ಕೇಳಿದವರಿಗೆ ದಾರಿ ಹೇಳುವವರು ಮಾತ್ರ ಇರಲಿಲ್ಲ. ಬಲದಿಂದ ಆಗದುದನ್ನು ಸರಕಾರದವರು ಮೋಸದಿಂದ ಸಾಧಿಸಿದರು. ಮಾಮಲೇದಾರ ಕೃಷ್ಣರಾಯನು ಖೋದಾನಪುರ ಮತ್ತು ನೇಗಿನಹಾಳದ ಗೌಡರನ್ನು ಒಲಿಸಿಕೊಂಡನು. ಅವರ ಕಡೆಯ ಲಕ್ಕಪ್ಪನು ಸ್ನೇಹದ ವೇಷದಿಂದ ರಾಯಣ್ಣನ ತಂಡವನ್ನು ಹೊಕ್ಕನು. ೧೮೩೦ರ ಏಪ್ರಿಲದಲ್ಲಿ ಡೋರಿ-ಬೆಣಚಿಯ ಹಳ್ಳದಲ್ಲಿ ರಾಯಣ್ಣನು ಸ್ನಾನಕ್ಕಿಳಿದಾಗ ಆತನ ಕತ್ತಿಯು ಲಕ್ಕಪ್ಪನ ಕೈಯಲ್ಲಿದ್ದಿತು. ಅವಿತುಕೊಂಡಿದ್ದವರು ಮೇಲೆ ಬಿದ್ದರು. ಬರಿಗೈಯ ವೀರನು ಸೆರೆಸಿಕ್ಕನು.

ಇಲ್ಲಿ ನಾವು ತುಸು ನಿಲ್ಲಬೇಕು. ರಾಯಣ್ಣನನ್ನು ಹಿಡಿದುಕೊಟ್ಟವರು ಕಡಲಾಚೆಯಿಂದ ಬಂದವರಲ್ಲ. ಅದೇ ನೀರು ಕುಡಿದು ಅದೇ ಕಿತ್ತೂರ ಸಂಸ್ಥಾನದಲ್ಲಿ ಮಾನಮರ್ಯಾದೆಗಳನ್ನು ಪಡೆದ ನಾಡಿನ ಮುಖಂಡರು. ಹಿರಿಯತನವನ್ನು ಹೊಂದಿದವರು ತಮ್ಮ ವತನವನ್ನು ಕಾಯ್ದುಕೊಂಡರು. ಏನೂ ಇಲ್ಲದವನು ಮಾತನ್ನು ಕಾಯ್ದುಕೊಂಡನು. ಕುಲದಿಂದ ಹಿರಿಮೆಯಿಲ್ಲ, ನಡೆಯಿಂದಲೇ ಹಿರಿಮೆಯೆಂದು ಶರಣರು ಬೋಧಿಸಿದ ತತ್ತ್ವಕ್ಕೆ ಇದಕ್ಕಿಂತ ಕಠಿಣವಾದ ದೃಷ್ಟಾಂತವು ಬೇಕೇ? ಈ ದೃಷ್ಟಾಂತವು ನಮ್ಮವರನ್ನೇ ಚುಚ್ಚುವುದೆಂಬ ಕಾರಣದಿಂದ ಅದನ್ನು ಮುಚ್ಚಿಡಬಾರದು. ಕಾಯಕವೆಂದರೆ ಲಾಭವಿರುವಾಗ ಮಾಡುವ ಕೆಲಸವಲ್ಲ. ಒಡೆಯನೂ ಹೋಗಿ, ಹೊಲವೂ ಹೋಗಿ, ಬೇಡುವವರೂ ಇಲ್ಲದಿರುವಾಗ ತನ್ನ ಕಾವಲನ್ನು ಬಿಡದಿರುವುದೇ ಕಾಯಕವು.

ವಿಚಾರಣೆಯಾಗಿ ಮರಣದಂಡನೆಯು ವಿಧಿಸಲ್ಪಟ್ಟಿತು. ೧೮೩೧ರ ಜನವರಿ ೨೬ರಂದು ನಂದಗಡದಲ್ಲಿ ರಾಯಣ್ಣನನ್ನೂ ಆತನ ಕೆಲವು ಸಂಗಡಿಗರನ್ನೂ ಗಲ್ಲಿಗೇರಿಸಿದರು. ಬೇರೆ ಕೆಲವರನ್ನು ಕಡಲಾಚೆಗೆ ಸಾಗಿಸಿದರು. ಆತನ ವಯಸ್ಸು ಆಗ ಮೂವತ್ತೆರಡು. ಆತನ ಸಮಾಧಿಯ ಬಳಿ ಒಂದು ಆಲದ ಮರವು ಬೆಳೆದು ನಿಂತಿದೆ. ಮಕ್ಕಳನ್ನು ಬಯಸುವ ತಾಯಂದಿರು ಅಲ್ಲಿ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ಸರಕಾರದ ಕಾಗದಗಳಲ್ಲಿ ದರೋಡೆಗಾರನೆಂದು ಬರೆಯಲ್ಪಟ್ಟವನನ್ನು ತಮ್ಮ ಹೊಟ್ಟೆಯಲ್ಲಿ ಹುಟ್ಟೆಂದು ಬೇಡುವ ತಾಯಂದಿರ ತೀರ್ಪಿನ ಮುಂದೆ ಕಚೇರಿಯ ತೀರ್ಪು ಎಷ್ಟರದು?

ಹಿಂಸೆಯ ಮಾರ್ಗವು ಸಾಧುವೇ ಎಂದು ಜಿಜ್ಞಾಸುಗಳು ಕೇಳುವರು. ಬೆಂಕಿಯನ್ನೂ ಲೂಟಿಯನ್ನೂ ಮಠವು ಉಪದೇಶಿಸದು. ಆದರೆ ಬಂಡು ತಾನಾಗಿ ಹುಟ್ಟುವುದಿಲ್ಲ. ಒಪ್ಪಂದವನ್ನು ಮುರಿದವರು ಮೊದಲು, ಕತ್ತಿಯನ್ನು ಹಿರಿದವರು ಆ ಬಳಿಕ. ನಮ್ಮ ಪ್ರಾಂತವೇ ಇದಕ್ಕೆ ಸಾಕ್ಷಿಯು. ರಾಯಣ್ಣನು ಮಡಿದು ಹತ್ತು ವರ್ಷಗಳಾಗುವುದರೊಳಗೆ, ೧೮೪೦-೪೧ರ ಸುಮಾರಿಗೆ, ನರಸಿಂಗರಾಯನೆಂಬ ಕಣ್ಣಿಲ್ಲದ ಬ್ರಾಹ್ಮಣನು ನಿಜಾಮನ ಸೀಮೆಯಿಂದ ಅರಬ ಸಿಪಾಯಿಗಳೊಡನೆ ಬಂದು ಬಾದಾಮಿಯನ್ನು ಹಿಡಿದನು. ಕೆಲವು ದಿನಗಳಲ್ಲಿಯೇ ಕಂಪನಿಯ ದಂಡು ಅದನ್ನು ಮರಳಿ ಪಡೆಯಿತು. ೧೮೫೭ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆ ಬಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ರಾಯಣ್ಣನಿಗೆ ಹೊಲ ಹೇಗೋ ಅವರಿಗೆ ಆಯುಧವು ಹಾಗೆ. ಅದೇ ಅವರ ಬದುಕು, ಅದೇ ಮಾನವು. ನವೆಂಬರದ ಕೊನೆಯಲ್ಲಿ ದಂಡು ಹಲಗಲಿಯನ್ನು ಸುತ್ತಿ ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರದಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ೧೯ ಜನರು ಗಲ್ಲಿಗೇರಿದರು. ಅವರ ಲಾವಣಿಯೂ ನಮ್ಮ ಹಳ್ಳಿಗಳಲ್ಲಿ ಉಳಿದು ಬಂದಿದೆ.

ಭಾರತವು ಸ್ವತಂತ್ರವಾದುದು ೧೯೪೭ರ ಆಗಸ್ಟ್ ೧೫ರಂದು. ಗಣರಾಜ್ಯವಾದುದು ೧೯೫೦ರ ಜನವರಿ ೨೬ರಂದು. ಒಂದು ರಾಯಣ್ಣನ ಜನ್ಮದಿನವೆಂದು ಜನರು ಆಚರಿಸುವ ದಿನ, ಇನ್ನೊಂದು ಆತನು ಗಲ್ಲಿಗೇರಿದ ದಿನ. ಬೆಂಗಳೂರಿನ ದೊಡ್ಡ ರೈಲು ನಿಲ್ದಾಣಕ್ಕೆ ಇಂದು ಆತನ ಹೆಸರಿದೆ. ಹೆಸರಿಡುವುದು ಸುಲಭವು, ಋಣ ತೀರಿಸುವುದು ಕಷ್ಟವು. ಮಠದ ಪ್ರಸಾದವನ್ನು ಉಣ್ಣುವ ನಮ್ಮಲ್ಲಿ ಹೊಲದ ಒಡೆಯರಿದ್ದಾರೆ, ಆ ಹೊಲದಲ್ಲಿ ದುಡಿಯುವ ಕೂಲಿಯವರೂ ಇದ್ದಾರೆ. ಮಗ್ಗದ ಒಡೆಯರಿದ್ದಾರೆ, ಮಗ್ಗದ ಮುಂದೆ ಕುಳಿತು ನೇಯುವವರೂ ಇದ್ದಾರೆ. ದುಡಿದವನ ಸೇವೆಗೆ ಸಲ್ಲಬೇಕಾದುದನ್ನು ತಡೆಹಿಡಿಯುವಾಗ ಕೆಂಚವ್ವನ ಬೆನ್ನ ಮೇಲಿನ ಕಲ್ಲನ್ನು ನಾವು ನೆನೆದರೆ ಸಾಕು, ಈ ಚರಿತ್ರೆಯನ್ನು ಓದಿದ ಫಲವು ದೊರೆತಂತೆಯೇ.

ಮಲಪ್ರಭೆಯು ಆ ನಾಡಿನ ನೀರನ್ನು ಹೊತ್ತು ಇಂದಿಗೂ ಕೂಡಲಸಂಗಮಕ್ಕೆ ಬರುತ್ತಾಳೆ. ಸಂಗಮದಲ್ಲಿ ಮೀಯುವ ಭಕ್ತರು ಒಂದು ಬೊಗಸೆ ನೀರನ್ನು ಆ ಕಾವಲುಗಾರನ ಹೆಸರಿನಲ್ಲಿಯೂ ಎತ್ತಲಿ. ಶಿವನು ಸರ್ವರಿಗೂ ನಿಷ್ಠೆಯನ್ನು ಕರುಣಿಸಲಿ.

ಶುಭಂ ಭೂಯಾತ್.