ಗರಗರ ಸದ್ದನ್ನು ಗೆದ್ದ ಎಡ್ವಿನ್ ಆರ್ಮ್‌ಸ್ಟ್ರಾಂಗ್



ಬೆಳಿಗ್ಗೆ ಶಾಲೆಗೆ ಬರುವಾಗ ನಿಮ್ಮಲ್ಲಿ ಹಲವರು ಕಾರಿನಲ್ಲಿ ಎಫ್.ಎಂ. ರೇಡಿಯೊ ಕೇಳುತ್ತೀರಿ. ಗುಂಡಿ ಒತ್ತಿದ ಕೂಡಲೇ ಯಾರೋ ಪಕ್ಕದ ಸೀಟಿನಲ್ಲಿ ಕುಳಿತು ಮಾತನಾಡಿದಷ್ಟು ಸ್ಪಷ್ಟವಾಗಿ ಧ್ವನಿ ಬರುತ್ತದೆ. ನಾನು ಚಿಕ್ಕವಳಿದ್ದಾಗ ನಮ್ಮೂರಿನಲ್ಲಿ ಹೀಗಿರಲಿಲ್ಲ. ಅಜ್ಜನ ಟ್ರಾನ್ಸಿಸ್ಟರಿನಲ್ಲಿ ಧಾರವಾಡ ಆಕಾಶವಾಣಿ ಕೇಳುತ್ತಿದ್ದೆವು. ಮಳೆಗಾಲದ ಸಂಜೆ ಮೋಡ ಕಟ್ಟಿತೆಂದರೆ ವಾರ್ತೆಯ ನಡುವೆ ಚಟಚಟ, ಗರಗರ ಶುರುವಾಗುತ್ತಿತ್ತು. ಅಜ್ಜ ಪೆಟ್ಟಿಗೆಯನ್ನು ಒಮ್ಮೆ ಬಾಗಿಲ ಕಡೆ, ಒಮ್ಮೆ ಗೋಡೆಯ ಕಡೆ ತಿರುಗಿಸುತ್ತ ಕಿವಿಯನ್ನು ಅದಕ್ಕೇ ಅಂಟಿಸಿಕೊಂಡು ಕೂರುತ್ತಿದ್ದರು. ಆ ಗರಗರ ಸದ್ದಿನ ವಿರುದ್ಧ ಹೋರಾಡಲು ತನ್ನ ಇಡೀ ಜೀವನವನ್ನೇ ಕೊಟ್ಟ ಒಬ್ಬ ಮಹಾನುಭಾವರಿದ್ದರು ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಅವರೇ ಎಡ್ವಿನ್ ಹೋವರ್ಡ್ ಆರ್ಮ್‌ಸ್ಟ್ರಾಂಗ್.

ಆರ್ಮ್‌ಸ್ಟ್ರಾಂಗ್ ಹುಟ್ಟಿದ್ದು 1890ರ ಡಿಸೆಂಬರ್ 18ರಂದು, ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ. ತಂದೆ ಪುಸ್ತಕ ಪ್ರಕಾಶನ ಸಂಸ್ಥೆಯಲ್ಲಿ ಕೆಲಸದಲ್ಲಿದ್ದರು. ತಾಯಿ ಶಾಲಾ ಶಿಕ್ಷಕಿಯಾಗಿದ್ದವರು. ಬಾಲ್ಯದಲ್ಲಿ ಕಾಡಿದ ಒಂದು ಕಾಯಿಲೆಯಿಂದ ಅವರ ಮುಖ ಮತ್ತು ಭುಜ ತಮ್ಮಷ್ಟಕ್ಕೇ ಅದುರುತ್ತಿದ್ದವು. ಸುಮಾರು ಎರಡು ವರ್ಷ ಶಾಲೆ ಬಿಟ್ಟು ಮನೆಯಲ್ಲೇ ಕಲಿಯಬೇಕಾಯಿತು. ಜೊತೆಗಾರರು ಕಡಿಮೆಯಾದ ಆ ದಿನಗಳಲ್ಲಿ ಹುಡುಗನ ಗಮನ ಯಂತ್ರಗಳ ಕಡೆ ಹರಿಯಿತು. ಮಾರ್ಕೋನಿಯ ನಿಸ್ತಂತು ತಂತಿ ಸಂದೇಶದ ಕಥೆಯನ್ನು ಓದಿದ ಮೇಲೆ, ತಾನೂ ಸಂಶೋಧಕನಾಗಬೇಕೆಂದು ಹದಿಹರೆಯದಲ್ಲೇ ನಿಶ್ಚಯಿಸಿಕೊಂಡ.

ಯಾಂಕರ್ಸ್ ಎಂಬ ಊರಿನಲ್ಲಿದ್ದ ಅವರ ಮನೆಯ ಅಟ್ಟವೇ ಮೊದಲ ಪ್ರಯೋಗಶಾಲೆ. ದೂರದ ಕ್ಷೀಣ ಸಂಕೇತಗಳನ್ನು ಹಿಡಿಯಲು ಆ ಹುಡುಗ ಮನೆಯ ಅಂಗಳದಲ್ಲಿ ಸುಮಾರು 125 ಅಡಿ ಎತ್ತರದ ಕಂಬವನ್ನು ತಾನೇ ನಿಲ್ಲಿಸಿ, ಅದರ ತುದಿಗೆ ಹತ್ತಿ ತಂತಿ ಕಟ್ಟುತ್ತಿದ್ದ. ಎತ್ತರವೆಂದರೆ ಆತನಿಗೆ ಭಯವೇ ಇರಲಿಲ್ಲ. (ನೀವು ಯಾರೂ ಇದನ್ನು ಅನುಕರಿಸಬೇಡಿ!)

ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಎಂಜಿನಿಯರಿಂಗ್ ಓದಿದರು. ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, 1912ರಲ್ಲಿ, ಮೊದಲ ದೊಡ್ಡ ಆವಿಷ್ಕಾರ ಮಾಡಿದರು. ರೇಡಿಯೊದ ನಿರ್ವಾತ ಕೊಳವೆಯಿಂದ ಹೊರಬಂದ ಸಂಕೇತದ ಒಂದು ಭಾಗವನ್ನು ಮತ್ತೆ ಅದೇ ಕೊಳವೆಗೆ ಹಿಂದಿರುಗಿಸಿದರೆ, ಅದು ಸುತ್ತಿ ಸುತ್ತಿ ಹಲವು ಪಟ್ಟು ಬಲಗೊಳ್ಳುತ್ತದೆ ಎಂದು ಕಂಡುಕೊಂಡರು. ಕಿವಿಗೆ ಹೆಡ್‌ಫೋನ್ ಒತ್ತಿಕೊಂಡರೂ ಕೇಳಿಸದಿದ್ದ ದೂರದ ಕೇಂದ್ರಗಳು ಈಗ ಕೋಣೆಯ ತುಂಬ ಕೇಳತೊಡಗಿದವು.

ಆದರೆ ಇಲ್ಲೇ ಅವರ ಕಷ್ಟಗಳೂ ಆರಂಭವಾದವು. ಪೇಟೆಂಟ್ ಪಡೆಯಲು ಕೈಯಲ್ಲಿ ಹಣವಿರಲಿಲ್ಲ. 1913ರ ಜನವರಿ 31ರಂದು ತಮ್ಮ ನಕ್ಷೆಗೆ ನೋಟರಿ ಮುದ್ರೆ ಹಾಕಿಸಿಟ್ಟರು. ಪೇಟೆಂಟಿಗೆ ಅರ್ಜಿ ಹೋದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ನಿರ್ವಾತ ಕೊಳವೆಯನ್ನು ರೂಪಿಸಿದ್ದ ಲೀ ಡಿ ಫಾರೆಸ್ಟ್ ಈ ಆವಿಷ್ಕಾರವೂ ತಮ್ಮದೇ ಎಂದು ಹಕ್ಕು ಸಾಧಿಸಿದರು. ವ್ಯಾಜ್ಯ ಇಪ್ಪತ್ತು ವರ್ಷ ನಡೆಯಿತು. 1934ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಡಿ ಫಾರೆಸ್ಟ್ ಪರವಾಗಿ ತೀರ್ಪು ಕೊಟ್ಟಿತು. ಈ ಆವಿಷ್ಕಾರಕ್ಕಾಗಿಯೇ ರೇಡಿಯೊ ಎಂಜಿನಿಯರುಗಳ ಸಂಸ್ಥೆ ಆರ್ಮ್‌ಸ್ಟ್ರಾಂಗರಿಗೆ ಗೌರವ ಪದಕ ಕೊಟ್ಟಿತ್ತು. ಸೋತ ಮೇಲೆ ಅದನ್ನು ಇಟ್ಟುಕೊಳ್ಳಲು ಮನಸ್ಸೊಪ್ಪದೆ ಹಿಂದಿರುಗಿಸಲು ಹೋದರು. ಸಂಸ್ಥೆ ಅದನ್ನು ವಾಪಸ್ಸು ಪಡೆಯಲಿಲ್ಲ. ನ್ಯಾಯಾಲಯ ಏನೇ ಹೇಳಿರಲಿ, ಆ ವಿದ್ಯೆ ಬಲ್ಲ ಹೆಚ್ಚಿನವರು ಅವರ ಪರವಾಗಿಯೇ ನಿಂತಿದ್ದರು.

ಈ ನಡುವೆ ಮೊದಲ ಮಹಾಯುದ್ಧ ಬಂತು. ಸೇನೆಯ ಸಂಪರ್ಕ ದಳದ ಅಧಿಕಾರಿಯಾಗಿ ಆರ್ಮ್‌ಸ್ಟ್ರಾಂಗ್ ಪ್ಯಾರಿಸ್ಸಿಗೆ ಹೋದರು. ಅಲ್ಲಿ 1918ರಲ್ಲಿ ಸೂಪರ್‌ಹೆಟಿರೊಡೈನ್ ಎಂಬ ಗ್ರಾಹಕ ವ್ಯವಸ್ಥೆಯನ್ನು ರೂಪಿಸಿದರು. ಹೆಸರು ಕೇಳಿ ಹೆದರಬೇಡಿ, ತತ್ತ್ವ ಸುಲಭ. ಒಂದೊಂದು ಕೇಂದ್ರ ಒಂದೊಂದು ಆವರ್ತನದಲ್ಲಿ ಪ್ರಸಾರ ಮಾಡುತ್ತದೆ. ಎಲ್ಲ ಆವರ್ತನಗಳಲ್ಲೂ ಒಂದೇ ಸಮನಾಗಿ ಕೆಲಸ ಮಾಡುವ ಯಂತ್ರ ಕಟ್ಟುವುದು ಕಷ್ಟ. ಹಾಗಾಗಿ ರೇಡಿಯೊದೊಳಗೇ ಒಂದು ಅಲೆಯನ್ನು ಹುಟ್ಟಿಸಿ, ಬಂದ ಅಲೆಯೊಂದಿಗೆ ಬೆರೆಸಿ, ಯಾವ ಕೇಂದ್ರವೇ ಆಗಲಿ ಒಂದೇ ನಿಗದಿತ ಆವರ್ತನಕ್ಕೆ ಇಳಿಸಿಕೊಳ್ಳುವುದು; ಆಮೇಲೆ ಅದನ್ನು ಬಲಪಡಿಸುವುದು. ಊರೂರಿನ ನಾಣ್ಯಗಳನ್ನು ಮೊದಲು ಒಂದೇ ನಾಣ್ಯಕ್ಕೆ ಬದಲಾಯಿಸಿಕೊಂಡು ಲೆಕ್ಕ ಹಾಕಿದಂತೆ! ಇಲ್ಲಿಂದ ಊರಿಗೆ ಹಣ ಕಳುಹಿಸುವ ನಮ್ಮ ಮನೆಗಳಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸಾಮಾನ್ಯ ಎಫ್.ಎಂ. ರೇಡಿಯೊದಲ್ಲಿ ಈ ನಿಗದಿತ ಆವರ್ತನ 10.7 ಮೆಗಾಹರ್ಟ್ಸ್. ಇಂದಿಗೂ ರೇಡಿಯೊ, ರೇಡಾರ್ ಮುಂತಾದ ಎಷ್ಟೋ ಉಪಕರಣಗಳು ಇದೇ ತತ್ತ್ವದ ಮೇಲೆ ನಿಂತಿವೆ.

ಯುದ್ಧ ಮುಗಿದು ಅಮೆರಿಕದಲ್ಲಿ ರೇಡಿಯೊ ಪ್ರಸಾರ ಶುರುವಾದಾಗ ಅವರ ಪೇಟೆಂಟುಗಳಿಗೆ ಬೆಲೆ ಬಂತು. ಆರ್.ಸಿ.ಎ. ಎಂಬ ದೊಡ್ಡ ಕಂಪನಿಗೆ ಒಂದು ಪೇಟೆಂಟ್ ಮಾರಿ ಹಣದ ಜೊತೆಗೆ ಸಾವಿರಾರು ಷೇರುಗಳನ್ನು ಪಡೆದರು. ಆ ಕಂಪನಿಯ ಮುಖ್ಯಸ್ಥರಲ್ಲೊಬ್ಬರಾದ ಡೇವಿಡ್ ಸಾರ್ನಾಫ್ ಅವರ ಗೆಳೆಯರಾಗಿದ್ದರು. ಸಾರ್ನಾಫರ ಕಾರ್ಯದರ್ಶಿ ಮೇರಿಯನ್ ಅವರನ್ನೇ ಆರ್ಮ್‌ಸ್ಟ್ರಾಂಗ್ 1923ರಲ್ಲಿ ಮದುವೆಯಾದರು. ಮದುವೆಯ ಉಡುಗೊರೆ ಏನು ಗೊತ್ತೇ? ತಾವೇ ಕಟ್ಟಿದ, ಕೈಯಲ್ಲಿ ಹಿಡಿದು ಒಯ್ಯಬಹುದಾದ ಒಂದು ರೇಡಿಯೊ. ಇಬ್ಬರೂ ಅದನ್ನು ಸಮುದ್ರ ತೀರಕ್ಕೆ ಒಯ್ದು ತೆಗೆಸಿಕೊಂಡ ಛಾಯಾಚಿತ್ರ ಈಗಲೂ ಪ್ರಸಿದ್ಧ.

ಆದರೂ ಒಂದು ತೊಂದರೆ ಉಳಿದೇ ಇತ್ತು: ಗರಗರ ಸದ್ದು. ಅಂದಿನ ಎ.ಎಂ. ಪ್ರಸಾರದಲ್ಲಿ ಧ್ವನಿಗೆ ತಕ್ಕಂತೆ ಅಲೆಯ ಎತ್ತರ ಹೆಚ್ಚು ಕಡಿಮೆಯಾಗುತ್ತದೆ. ಮಿಂಚು, ಮೋಟಾರು, ಕಾರಿನ ಸ್ಪಾರ್ಕ್ ಪ್ಲಗ್ ಇವೂ ಅಲೆಯ ಎತ್ತರವನ್ನೇ ಕೆಡಿಸುತ್ತವೆ. ರೇಡಿಯೊಗೆ ಯಾವುದು ಹಾಡು, ಯಾವುದು ಸಿಡಿಲು ಎಂದು ತಿಳಿಯುವುದಿಲ್ಲ. ಆರ್ಮ್‌ಸ್ಟ್ರಾಂಗ್ ಅಲೆಯ ಎತ್ತರವನ್ನು ಹಾಗೆಯೇ ಬಿಟ್ಟು, ಧ್ವನಿಗೆ ತಕ್ಕಂತೆ ಅದರ ಆವರ್ತನವನ್ನು ಬದಲಿಸಿದರು. ಇದೇ ಎಫ್.ಎಂ. ಇದರಿಂದ ಪ್ರಯೋಜನವಿಲ್ಲವೆಂದು ಹೆಸರಾಂತ ಗಣಿತಜ್ಞರು ಅದಾಗಲೇ ಲೆಕ್ಕ ಹಾಕಿ ತೋರಿಸಿದ್ದರು. ಅವರೆಲ್ಲ ಕಿರಿದಾದ ಆವರ್ತನ ಪಟ್ಟಿಯಲ್ಲಿ ಯೋಚಿಸಿದರೆ, ಆರ್ಮ್‌ಸ್ಟ್ರಾಂಗ್ ಪಟ್ಟಿಯನ್ನು ಅಗಲ ಮಾಡಿದರು. ಅಲ್ಲೇ ಗುಟ್ಟಿತ್ತು. 1933ರ ಡಿಸೆಂಬರ್ 26ರಂದು ಎಫ್.ಎಂ. ಪೇಟೆಂಟುಗಳು ಅವರ ಕೈ ಸೇರಿದವು.

1935ರ ನವೆಂಬರ್ 5ರಂದು ನ್ಯೂಯಾರ್ಕಿನಲ್ಲಿ ಎಂಜಿನಿಯರುಗಳ ಸಭೆಯಲ್ಲಿ ಅವರು ಇದನ್ನು ತೋರಿಸಿಕೊಟ್ಟರು. ಯಾಂಕರ್ಸ್‌ನಲ್ಲಿ ಲೋಟಕ್ಕೆ ನೀರು ಸುರಿದ ಸದ್ದು, ಕಾಗದ ಮುದುರಿದ ಸದ್ದು ಸಭೆಯಲ್ಲಿದ್ದವರಿಗೆ ಕಣ್ಣೆದುರೇ ನಡೆದಂತೆ ಕೇಳಿಸಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಮ್ಮ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಿಂದಲೇ ಪುಟ್ಟ ಬಾನುಲಿ ಕೇಂದ್ರವನ್ನು ಆರಂಭಿಸಿದ್ದರು. ಭಾರತದ ಬಾನುಲಿಗೆ ಆಕಾಶವಾಣಿ ಎಂಬ ಹೆಸರು ಬಂದದ್ದು ಅಲ್ಲಿಂದಲೇ.

ಎಫ್.ಎಂ. ಗೆದ್ದಿತು, ಆದರೆ ಅದನ್ನು ಸೃಷ್ಟಿಸಿದವರು ಗೆಲ್ಲಲಿಲ್ಲ. ಆರ್.ಸಿ.ಎ.ಯ ಹಣವೆಲ್ಲ ಎ.ಎಂ. ರೇಡಿಯೊ ಮತ್ತು ಹೊಸದಾಗಿ ಬರಲಿದ್ದ ಟೆಲಿವಿಷನ್ ಮೇಲಿತ್ತು. ಎಂಪೈರ್ ಸ್ಟೇಟ್ ಕಟ್ಟಡದಲ್ಲಿ ಪ್ರಯೋಗಕ್ಕೆ ಇಟ್ಟಿದ್ದ ಉಪಕರಣಗಳನ್ನು ತೆಗೆಯುವಂತೆ ಕಂಪನಿ ಅವರಿಗೆ ತಿಳಿಸಿತು. ಆರ್ಮ್‌ಸ್ಟ್ರಾಂಗ್ ತಮ್ಮ ಸ್ವಂತ ಹಣದಿಂದ ನ್ಯೂಜೆರ್ಸಿಯ ಆಲ್ಪೈನ್ ಎಂಬಲ್ಲಿ 400 ಅಡಿಗೂ ಎತ್ತರದ ಗೋಪುರ ಕಟ್ಟಿ, 1939ರಲ್ಲಿ ತಾವೇ ಎಫ್.ಎಂ. ಪ್ರಸಾರ ಆರಂಭಿಸಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ತಮ್ಮ ಪೇಟೆಂಟುಗಳನ್ನು ಸೇನೆಗೆ ಉಚಿತವಾಗಿ ಬಳಸಲು ಕೊಟ್ಟರು. ಆದರೆ 1945ರಲ್ಲಿ ಸರ್ಕಾರ ಎಫ್.ಎಂ. ಪ್ರಸಾರವನ್ನು 42ರಿಂದ 50 ಮೆಗಾಹರ್ಟ್ಸ್ ಪಟ್ಟಿಯಿಂದ ಇಂದಿನ 88ರಿಂದ 108ರ ಪಟ್ಟಿಗೆ ಬದಲಾಯಿಸಿತು. ಅದುವರೆಗೆ ಮಾರಾಟವಾಗಿದ್ದ ಲಕ್ಷಗಟ್ಟಲೆ ರೇಡಿಯೊಗಳು ಮೂಲೆ ಸೇರಿದವು.

1948ರಲ್ಲಿ ಅವರು ಆರ್.ಸಿ.ಎ. ಮೇಲೆ ದಾವೆ ಹೂಡಿದರು. ಕಂಪನಿಯ ವಕೀಲರು ಅವರನ್ನೊಬ್ಬರನ್ನೇ ಸುಮಾರು ಒಂದು ವರ್ಷ ಪ್ರಶ್ನಿಸಿದರು. 1950ರ ಕೊನೆಗೆ ಪೇಟೆಂಟುಗಳ ಅವಧಿಯೂ ತೀರಿತು. ಹಣ ಕರಗಿತು, ಆರೋಗ್ಯ ಕೆಟ್ಟಿತು, ಮನೆಯಲ್ಲಿ ಜಗಳವಾಗಿ ಮೇರಿಯನ್ ತಮ್ಮ ಸಹೋದರಿಯ ಮನೆಗೆ ಹೋದರು. 1954ರ ಜನವರಿ 31ರ ರಾತ್ರಿ, ನೋಟರಿ ಮುದ್ರೆ ಬಿದ್ದು ಸರಿಯಾಗಿ 41 ವರ್ಷಗಳಾದ ದಿನ, ಹೆಂಡತಿಯ ಕ್ಷಮೆ ಕೋರಿ ಪತ್ರ ಬರೆದಿಟ್ಟು ಆರ್ಮ್‌ಸ್ಟ್ರಾಂಗ್ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಆಗ ಅವರಿಗೆ 63 ವರ್ಷ.

ಮಕ್ಕಳೇ, ಈ ಭಾಗವನ್ನು ಬರೆಯಬೇಕೋ ಬೇಡವೋ ಎಂದು ನಾನು ಬಹಳ ಯೋಚಿಸಿದೆ. ಸತ್ಯವನ್ನು ಮುಚ್ಚಿಟ್ಟರೆ ಪಾಠ ಅರ್ಧವಾಗುತ್ತದೆ ಎಂದು ಬರೆದಿದ್ದೇನೆ. ಏಕೆಂದರೆ ಮುಂದಿನ ಕಥೆ ಕೇಳಿ. ಅದೇ ವರ್ಷದ ಕೊನೆಗೆ ಆರ್.ಸಿ.ಎ. ಸುಮಾರು ಹತ್ತು ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಮೇರಿಯನ್ ಒಂದೊಂದೇ ಕಂಪನಿಯ ವಿರುದ್ಧ ಮೊಕದ್ದಮೆ ಮುಂದುವರಿಸಿ, 1967ರಲ್ಲಿ ಕೊನೆಯದನ್ನೂ ಗೆದ್ದರು. ಅವರು ಇನ್ನೂ ಕೆಲವೇ ತಿಂಗಳು ತಾಳಿದ್ದರೆ ಎಂದು ಅನ್ನಿಸದೆ ಇರದು. ಕತ್ತಲು ಎಷ್ಟೇ ದಟ್ಟವಾಗಿದ್ದರೂ ಅದೇ ಕೊನೆಯಲ್ಲ. ನಿಮಗೆ ಎಂದಾದರೂ ದಾರಿಯೇ ಇಲ್ಲವೆನಿಸಿದರೆ ಒಬ್ಬರೇ ಹೊರಬೇಡಿ. ಅಪ್ಪ, ಅಮ್ಮ, ಶಿಕ್ಷಕರು, ಗೆಳೆಯರು, ಯಾರಾದರೊಬ್ಬರಲ್ಲಿ ಬಾಯಿಬಿಟ್ಟು ಹೇಳಿ.

ಈಗ ಡಿಜಿಟಲ್ ರೇಡಿಯೊದ ಕಾಲ. ಇದರಲ್ಲಿ ಧ್ವನಿಯನ್ನು ಸೊನ್ನೆ ಮತ್ತು ಒಂದುಗಳ ಸಾಲಾಗಿ ಕಳುಹಿಸುತ್ತಾರೆ. ನಾರ್ವೆ ದೇಶ 2017ರಲ್ಲಿ ತನ್ನ ರಾಷ್ಟ್ರೀಯ ಎಫ್.ಎಂ. ಪ್ರಸಾರವನ್ನು ನಿಲ್ಲಿಸಿ ಡಿಜಿಟಲ್‌ಗೆ ಬದಲಾಯಿತು. ಎತ್ತರದ ಕಟ್ಟಡಗಳ ನಡುವೆ ಕಾರು ಓಡುವಾಗ ಗೋಡೆಗೆ ಬಡಿದು ತಡವಾಗಿ ಬರುವ ಅಲೆಗಳು ಎಫ್.ಎಂ. ಧ್ವನಿಯನ್ನು ಕೆಡಿಸುತ್ತವೆ; ಡಿಜಿಟಲ್ ಇದನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಆದರೆ ಸಂಕೇತ ಒಂದು ಮಟ್ಟಕ್ಕಿಂತ ಕುಗ್ಗಿದರೆ ಡಿಜಿಟಲ್ ಧ್ವನಿ ಗುಳುಗುಳು ಎಂದು ತುಂಡಾಗಿ ಒಮ್ಮೆಲೇ ನಿಂತುಬಿಡುತ್ತದೆ. ದಪ್ಪ ಕಾಂಕ್ರೀಟ್ ಗೋಡೆಯ ಮನೆಯೊಳಗೆ ಇದು ಆಗುವುದುಂಟು. ಎಫ್.ಎಂ. ಹಾಗಲ್ಲ, ಸ್ವಲ್ಪ ಸುಯ್ಯೆನ್ನುತ್ತ ಕೊನೆಯವರೆಗೂ ಮಾತು ತಲುಪಿಸುತ್ತದೆ. ಆದ್ದರಿಂದ ಎರಡಕ್ಕೂ ಅವುಗಳದೇ ಆದ ಗುಣವಿದೆ, ದೋಷವಿದೆ.

ಆಲ್ಪೈನ್ ಗೋಪುರ ಆರ್ಮ್‌ಸ್ಟ್ರಾಂಗ್ ಹೋದ ಮೇಲೂ ಬಿದ್ದುಹೋಗಲಿಲ್ಲ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಕಟ್ಟಡಗಳ ಜೊತೆಗೆ ಅಲ್ಲಿದ್ದ ಪ್ರಸಾರದ ಆಂಟೆನಾಗಳೂ ಉರುಳಿದಾಗ, ಕೆಲವು ಟಿ.ವಿ. ಕೇಂದ್ರಗಳು ಅದೇ ಹಳೆಯ ಗೋಪುರದಿಂದ ತಾತ್ಕಾಲಿಕವಾಗಿ ಪ್ರಸಾರ ಮಾಡಿದವು.

ನಾಳೆ ಬೆಳಿಗ್ಗೆ ಕಾರಿನಲ್ಲಿ ಕುಳಿತಾಗ ಅಪ್ಪ ಅಮ್ಮನನ್ನು ಕೇಳಿ ಒಂದು ಪ್ರಯೋಗ ಮಾಡಿ. ಎ.ಎಂ. ಗುಂಡಿ ಒತ್ತಿ ಸ್ವಲ್ಪ ಹೊತ್ತು ಕೇಳಿ, ಆಮೇಲೆ ಎಫ್.ಎಂ.ಗೆ ಬನ್ನಿ. ಗರಗರ ಸದ್ದು ನಿಂತು ಧ್ವನಿ ತಿಳಿಯಾಗುವ ಆ ಕ್ಷಣದಲ್ಲಿ, ಅಟ್ಟದ ಮೇಲೆ ಒಬ್ಬನೇ ಕುಳಿತಿದ್ದ ಆ ಹುಡುಗನನ್ನು ಒಮ್ಮೆ ನೆನೆಯಿರಿ.